ಬೆರಕೆ ಸೊಪ್ಪು: ಗಿಡ ಗುರುತಿಸದೆ ಕೀಳಬೇಡಿ

ಮುಂಗಾರಿನ ಎರಡು ಮಳೆ ಹದವಾಗಿ ಬಿದ್ದರೆ ಸಾಕು, ನಮ್ಮ ಪಾವಗಡದ ಕಡೆ ಹೊಲ, ಬದು, ಬೀಳು ಎಲ್ಲೆಲ್ಲೂ ಸೊಪ್ಪು ಏಳುತ್ತದೆ. ಬೀಜ ಹಾಕಿಲ್ಲ, ಗೊಬ್ಬರ ಕೊಟ್ಟಿಲ್ಲ. ಅಣ್ಣೆ, ಗೋಣಿ, ಕನ್ನೆ, ದಗ್ಗಲಿ, ತಗಚೆ, ಗಣಿಕೆ, ಕೊಮ್ಮೆ, ಮುಳ್ಳುದಂಟು. ಕೆರೆ ಅಂಚಿಗೆ ಹೋದರೆ ಹೊನಗೊನೆ. ಹತ್ತು ಹನ್ನೆರಡು ಜಾತಿಯ ಕುಡಿ ಸೇರಿಸಿ ಬೇಯಿಸಿದರೆ ಬೆರಕೆ ಸೊಪ್ಪಿನ ಸಾರು. ಬರಗಾಲದಲ್ಲಿ ಒಣ ಮುದ್ದೆ ಗಂಟಲಲ್ಲಿ ಇಳಿಸಿದ್ದು ಇದೇ ಸಾರು. ಈಗ ಪೇಟೆಯವರೂ ಇದರ ರುಚಿ ಹಿಡಿದಿದ್ದಾರೆ, ಮೇಳಗಳಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ. ಒಳ್ಳೇದೇ.

ಮೊದಲು ಸೊಪ್ಪಿಗೆ ಹೋಗ್ತಿದ್ದವರು ಆ ಗಿಡಗಳ ಜೊತೆಗೇ ಬೆಳೆದ ಹೆಂಗಸರು. ಕಣ್ಣು ಮುಚ್ಚಿ ಮುಟ್ಟಿದರೂ ಇದು ಅಣ್ಣೆ, ಇದು ಅಲ್ಲ ಅನ್ನೋರು. ಅವರಲ್ಲಿ ಬಹಳ ಜನ ಈಗಿಲ್ಲ. ಈಗ ಹೋಗೋರು ಮೊಬೈಲು ಹಿಡಿದ ಮೊಮ್ಮಕ್ಕಳು. 'ತಿನ್ನೋ ಗಿಡ ಹೌದೋ ಅಲ್ಲವೋ ಅಂತ ತಿಳಿಯೋಕೆ ಸುಲಭದ ಪರೀಕ್ಷೆ ಹೇಳಿ' ಅಂತ ಕೇಳ್ತಾರೆ. ನೇರವಾಗಿ ಹೇಳ್ತೀನಿ, ಅಂಥ ಪರೀಕ್ಷೆ ಇಲ್ಲ. ಊರಲ್ಲಿ ಚಾಲ್ತಿಯಲ್ಲಿರೋ ನಾಲ್ಕು ಪರೀಕ್ಷೆಗಳನ್ನ ನೋಡೋಣ, ಯಾಕೆ ಇಲ್ಲ ಅನ್ನೋದು ತಿಳಿಯುತ್ತೆ.

ದನ ತಿಂದರೆ ನಾವೂ ತಿನ್ನಬಹುದಾ?

ದನ ಮೇಯೋದು, ಹಕ್ಕಿ ತಿನ್ನೋದು ನಮಗೂ ಆಗುತ್ತೆ ಅನ್ನೋದು ಎಲ್ಲರ ಬಾಯಲ್ಲಿರೋ ಮಾತು. ಗುಡಿ ಹತ್ತಿರ ಹಳದಿ ಕಣಗಿಲೆ ಇದ್ದರೆ ಗಮನಿಸಿ. ಅದರ ಹಣ್ಣನ್ನ ಕೋಗಿಲೆ ತಿನ್ನುತ್ತೆ, ಹಾರಿ ಹೋಗುತ್ತೆ. ಅದೇ ಹಣ್ಣಿನೊಳಗಿನ ಬೀಜ ಮನುಷ್ಯನ ಎದೆ ಬಡಿತ ನಿಲ್ಲಿಸುತ್ತೆ. ತಿರುಗಿಸಿ ನೋಡಿದರೂ ಲೆಕ್ಕ ಕೂಡಲ್ಲ. ತಗಚೆ ಗಿಡವನ್ನ ದನ ಮೂಸಿ ಮುಂದಕ್ಕೆ ಹೋಗುತ್ತೆ. ಅದರ ಎಳೇ ಕುಡಿ ನಾವು ಅಜ್ಜನ ಕಾಲದಿಂದ ತಿಂತಾ ಇದ್ದೀವಿ.

ದನವಾದರೂ ತನಗೆ ಆಗದ್ದನ್ನ ತಿಳಿದು ಬಿಡುತ್ತದೆಯೇ? ಜೋಳ ಬೆಳೆದವರನ್ನ ಕೇಳಿ. ಮಳೆ ಕೈಕೊಟ್ಟು ಬಾಡಿದ ಎಳೇ ಜೋಳಕ್ಕೋ, ಕೊಯ್ದ ಮೇಲೆ ಕೂಳೆಯಲ್ಲಿ ಒಡೆದ ಚಿಗುರಿಗೋ ಹಸು ಆಸೆಪಟ್ಟು ಬಾಯಿ ಹಾಕುತ್ತೆ. ಸ್ವಲ್ಪ ಹೊತ್ತಿಗೆ ಏದುಸಿರು ಬಿಟ್ಟು ನೆಲಕ್ಕೆ ಬೀಳುತ್ತೆ. ಎಳೇ ಜೋಳದಲ್ಲಿ ಸೈನೈಡ್ ಆಗಿ ಬದಲಾಗುವ ಅಂಶ ಇರುತ್ತೆ, ನೀರು ಸಾಲದೆ ಬಾಡಿದಾಗ ಇನ್ನೂ ಹೆಚ್ಚು. ಅದೇ ಜೋಳ ಹೂ ಬಿಟ್ಟು ತೆನೆ ಕಟ್ಟಿದ ಮೇಲೆ ಒಳ್ಳೇ ಮೇವು. ಗಿಡ ಒಂದೇ, ವಯಸ್ಸು ಬೇರೆ. ಈ ಮಾತು ಮುಂದೆ ಮತ್ತೆ ಬರುತ್ತೆ.

ನಾಲಿಗೆ ಕೊಡುವ ಸಾಕ್ಷಿ

ಕಹಿ ಇದ್ದರೆ ವಿಷ, ರುಚಿ ಇದ್ದರೆ ಆಹಾರ ಅಂತ ಕೆಲವರು. ಹಾಗಾದರೆ ಹಾಗಲಕಾಯಿ ಏನು? ಬೇವಿನ ಹೂವು ಏನು?

ಇದಕ್ಕಿಂತ ಅಪಾಯದ್ದು ರುಚಿಯಾಗಿರೋ ವಿಷ. ಕಾಡುಹರಳು ಗೊತ್ತಲ್ಲ, ಡೀಸೆಲ್ ಗಿಡ ಅಂತ 2000ದ ಈಚೆಗೆ ಬದುಗಳ ಮೇಲೆ, ಬೇಲಿಗೆ ಎಲ್ಲೆಲ್ಲೂ ನೆಟ್ಟ ಗಿಡ. ಅದರ ಬೀಜ ಬಾಯಿಗೆ ಕಡ್ಲೇಬೀಜದ ಹಾಗೇ ಇರುತ್ತೆ. ಅದಕ್ಕೇ ಮಕ್ಕಳು ಒಂದು ತಿಂದು ಬಿಡಲ್ಲ, ಜೇಬು ತುಂಬಾ ಇಟ್ಟುಕೊಂಡು ಹಂಚಿ ತಿಂತಾರೆ. ಆಮೇಲೆ ಒಬ್ಬರ ಹಿಂದೆ ಒಬ್ಬರು ವಾಂತಿ, ಭೇದಿ. ಹಳ್ಳಿ ಶಾಲೆಯ ಮಕ್ಕಳು ಗುಂಪಾಗಿ ಆಸ್ಪತ್ರೆ ಸೇರಿದ ಸುದ್ದಿ ಪೇಪರಲ್ಲಿ ಬಂದಾಗ ಬಹಳ ಸಾರಿ ಈ ಬೀಜವೇ ಕಾರಣ. ಶಾಲೆ ಬೇಲಿಗೆ ಈ ಗಿಡ ಇದ್ದರೆ ತೆಗೆಸಿ, ಬೇರೆ ಗಿಡ ನೆಡಿ. ಬೇಲಿಗೆ ಬೇರೆ ಗಿಡಕ್ಕೇನು ಬರವೇ?

ಒಂದೇ ಒಂದು ಕಡೆ ನಾಲಿಗೆಯ ಮಾತು ಕೇಳಲೇಬೇಕು, ಅದು ಸೋರೆ, ಹೀರೆ, ಸೌತೆ, ಮೆಕ್ಕೆ ಜಾತಿ. ತಿಪ್ಪೆ ಮೇಲೆ ತಾನಾಗಿ ಹುಟ್ಟಿದ ಸೋರೆಬಳ್ಳಿ ಕಾಯಿ ಕೆಲವು ಸಾರಿ ಬಾಯಿಗಿಡಲಾಗದಷ್ಟು ಕಹಿ ಇರುತ್ತೆ. ಆ ಕಹಿಯೇ ವಿಷ, ಬೇಯಿಸಿದರೂ ಹೋಗಲ್ಲ. ಔಷಧಿ ಅಂತ ಅದರ ರಸ ಕುಡಿದು ಸತ್ತವರಿದ್ದಾರೆ. ಹಾವುಮೆಕ್ಕೆಯದೂ ಅದೇ ಕಥೆ. ಅಡುಗೆಗೆ ಮುಂಚೆ ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿ ಇದ್ದರೆ ಉಗುಳಿ, ಕಾಯಿ ಎಸೆಯಿರಿ. ಹಾಗಲ ಇದಕ್ಕೆ ಹೊರತು.

ಚೂರು ತಿಂದು ನೋಡೋದು, ಬೇಯಿಸಿ ತಿನ್ನೋದು

'ಮೊದಲು ಚೂರು ತಿಂದು ನೋಡೋಣ, ಏನೂ ಆಗದಿದ್ದರೆ ನಾಳೆ ಸಾರು ಮಾಡೋಣ' ಅನ್ನೋರಿದ್ದಾರೆ. ಎಲ್ಲ ವಿಷವೂ ಅದೇ ದಿನ ಕಾಣಿಸಿಕೊಳ್ಳಲ್ಲ. 1970ರ ದಶಕದಲ್ಲಿ ಆಗಿನ ಮಧ್ಯಪ್ರದೇಶದ ಸರಗುಜಾ ಜಿಲ್ಲೆಯಲ್ಲಿ ಜನಕ್ಕೆ ಹೊಟ್ಟೆ ಊದಿಕೊಂಡು ಈಲಿ ಕೆಟ್ಟು ಸಾಯೋಕೆ ಶುರುವಾಯಿತು. ಹುಡುಕಿದರೆ ಕಾರಣ ಅವರು ಉಣ್ಣುತ್ತಿದ್ದ ಸಾಮೆಯಲ್ಲಿ ಸಿಕ್ಕಿತು. ಹೊಲದಲ್ಲಿ ಕಳೆಯಾಗಿ ಬೆಳೆದ ಗಿಲಿಗಿಲಿ ಗಿಡದ ಬೀಜ ಸಾಮೆ ಜೊತೆ ಬೆರೆತಿತ್ತು. ಸೆಣಬಿನ ನೆಂಟ, ಒಣಗಿದ ಕಾಯಿ ಅಲ್ಲಾಡಿಸಿದರೆ ಗೆಜ್ಜೆ ಹಾಗೆ ಸದ್ದು ಮಾಡುತ್ತಲ್ಲ, ಆ ಜಾತಿ. ದಿನಾ ಉಣ್ಣೋ ಅನ್ನದಲ್ಲಿ ಇದ್ದ ವಿಷ ಮೊದಲ ತುತ್ತಿಗೆ ಗೊತ್ತಾಗುವಂಥದ್ದಲ್ಲ. ಈಗ ಮತ್ತೆ ಸಾಮೆ, ನವಣೆ ಬೆಳೀತಾ ಇದ್ದೀವಿ. ಕೊಯ್ಲಿಗೆ ಮುಂಚೆ ಹೊಲದಲ್ಲಿ ಒಂದು ಸುತ್ತು ಬಂದು ಈ ಗಿಡ ಕಿತ್ತು ಹಾಕಿ.

ಇನ್ನು ಕೆಲವು ವಿಷ ಚೂರು ತಿಂದರೂ ಸಾಕು. ಗುಲಗಂಜಿ ಬೀಜ ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಹಾಗೇ ಹೊರಗೆ ಬಂದುಬಿಡಬಹುದು. ಅಗಿದರೆ ಪ್ರಾಣಕ್ಕೆ ಸಂಚಕಾರ. ಇದನ್ನೇನು ಪರೀಕ್ಷೆ ಮಾಡೋದು?

ಬೇಯಿಸಿದರೆ ವಿಷ ಹೋಗುತ್ತೆ ಅನ್ನೋದು ಅರ್ಧ ಸತ್ಯ. ಉಮ್ಮತ್ತಿಯ ವಿಷ ಬೇಯಿಸಿದರೆ ಹೋಗಲ್ಲ, ಕಣಗಿಲೆಯದೂ ಹೋಗಲ್ಲ. ಅಣ್ಣೆ, ದಗ್ಗಲಿ, ಗೋಣಿ ಸೊಪ್ಪಿನಲ್ಲಿರೋ ಆಕ್ಸಾಲಿಕ್ ಆಮ್ಲದ ಅಂಶ ಬೇಯಿಸಿದ ನೀರಿಗೆ ಬಹುಪಾಲು ಇಳಿಯುತ್ತೆ. ಆದರೆ ನಾವು ಮಾಡೋದೇನು? ಬಸ್ಸಾರು! ಬಸಿದ ನೀರನ್ನೇ ಸಾರು ಮಾಡಿ ಕುಡೀತೀವಿ. ಆಗೊಮ್ಮೆ ಈಗೊಮ್ಮೆ ತಿನ್ನೋ ಗಟ್ಟಿಮುಟ್ಟಾದವರಿಗೆ ಇದರಿಂದ ತೊಂದರೆ ಇಲ್ಲ. ಮೂತ್ರಪಿಂಡದಲ್ಲಿ ಕಲ್ಲು ಇರೋರು ಈ ಸೊಪ್ಪುಗಳ ಮೊದಲ ನೀರು ಚೆಲ್ಲಿ, ಬೇಳೆ ಕಟ್ಟಿನಲ್ಲಿ ಸಾರು ಮಾಡಿಕೊಳ್ಳಲಿ, ಅದೂ ಅಪರೂಪಕ್ಕೆ.

ತಗಚೆ ಯಾವುದು, ದೊಡ್ಡ ತಗಚೆ ಯಾವುದು

ಹಾಗಾದರೆ ದಾರಿ ಯಾವುದು? ಒಂದೇ. ಒಂದೊಂದು ಗಿಡವನ್ನೂ ಬಿಡಿಬಿಡಿಯಾಗಿ ಕಲೀಬೇಕು. ಯಾವ ಗಿಡ, ಅದರ ಯಾವ ಭಾಗ, ಯಾವ ವಯಸ್ಸಲ್ಲಿ, ಎಲ್ಲಿ ಬೆಳೆದದ್ದು. ಜೊತೆಗೆ ಅದರ ಹಾಗೇ ಕಾಣೋ ಇನ್ನೊಂದು ಗಿಡ ಯಾವುದು ಅನ್ನೋದು. ಈ ಕೊನೇದನ್ನೇ ನಮ್ಮ ಜನ ಮರೆಯೋದು. ತಗಚೆಯ ವಿಷಯ ಹೇಳಿದರೆ ಎಷ್ಟು ದೊಡ್ಡ ಮಾತು ಇದು ಅಂತ ಗೊತ್ತಾಗುತ್ತೆ.

2016ರಲ್ಲಿ ಒಡಿಶಾದ ಮಲ್ಕಾನ್‌ಗಿರಿ ಜಿಲ್ಲೆಯಲ್ಲಿ ಕೆಲವೇ ತಿಂಗಳಲ್ಲಿ ನೂರರ ಆಸುಪಾಸು ಮಕ್ಕಳು ಸತ್ತರು. ಜ್ವರ, ವಾಂತಿ, ಆಮೇಲೆ ಪ್ರಜ್ಞೆ ತಪ್ಪೋದು. ಮೆದುಳು ಜ್ವರ ಅಂದರು. ಜಪಾನಿ ಮೆದುಳು ಜ್ವರವೂ ಅಲ್ಲಿತ್ತು ನಿಜ. ಆದರೆ ಬಹಳ ಮಕ್ಕಳಲ್ಲಿ ಆ ರೋಗಾಣು ಸಿಗಲಿಲ್ಲ. ತಜ್ಞರ ತಂಡ ಹೋಗಿ ನೋಡಿ, ಕಾಡಿನಲ್ಲಿ, ಬೀಳಿನಲ್ಲಿ ಬೆಳೆಯೋ 'ಬಣ ಚಾಕುಂಡ' ಅನ್ನೋ ಗಿಡದ ಕಡೆ ಬೆರಳು ತೋರಿಸಿತು. ಅದಕ್ಕೂ ಮುಂಚೆ ಪಶ್ಚಿಮ ಉತ್ತರ ಪ್ರದೇಶದಲ್ಲಿ ವರ್ಷ ವರ್ಷವೂ ಚಳಿಗಾಲದ ಹೊತ್ತಿಗೆ ಚಿಕ್ಕ ಮಕ್ಕಳು ಹೀಗೇ ಸಾಯುತ್ತಿದ್ದರು. ಅಲ್ಲೂ ಕೊನೆಗೆ ಸಿಕ್ಕಿದ್ದು ಇದೇ ಗಿಡದ ಕಾಯಿ ಬೀಜ. ಅವು ಈಲಿ, ಮಾಂಸಖಂಡ, ಮೆದುಳು ಮೂರನ್ನೂ ಕೆಡಿಸುತ್ತವೆ.

ಆ ಗಿಡ ದೂರದ್ದಲ್ಲ. ನಮ್ಮ ಊರ ತಿಪ್ಪೆ ಪಕ್ಕ, ಪಾಳುಗೋಡೆ ಬುಡದಲ್ಲಿ ಬೆಳೆಯೋ ದೊಡ್ಡ ತಗಚೆಯೇ ಅದು. ಪಂಡಿತರು ಕಾಸಮರ್ದ ಅಂತಾರೆ. ನಾವು ತಿನ್ನೋ ತಗಚೆಯ ಅಣ್ಣತಮ್ಮ. ಎರಡಕ್ಕೂ ಹಳದಿ ಹೂವು, ಎರಡೂ ಮಳೆಗಾಲದಲ್ಲೇ ಏಳುತ್ತವೆ. ವ್ಯತ್ಯಾಸ ನೋಡಿಕೊಳ್ಳಿ. ತಿನ್ನೋ ತಗಚೆಯಲ್ಲಿ ಒಂದು ಕಡ್ಡಿಗೆ ಮೂರೇ ಜೊತೆ ಎಲೆ, ಎಲೆಯ ತುದಿ ದುಂಡಗೆ. ದೊಡ್ಡ ತಗಚೆಯಲ್ಲಿ ನಾಲ್ಕರಿಂದ ಆರು ಜೊತೆ, ತುದಿ ಚೂಪು, ಎಲೆ ಹಿಸುಕಿದರೆ ಕೆಟ್ಟ ನಾತ. ತಗಚೆ ಕಾಯಿ ತೆಳ್ಳಗೆ ಉದ್ದ, ಕುಡುಗೋಲಿನ ಹಾಗೆ ಬಾಗಿರುತ್ತೆ. ದೊಡ್ಡ ತಗಚೆ ಕಾಯಿ ಚಪ್ಪಟೆ, ಅಷ್ಟು ಬಾಗಲ್ಲ, ಬಲಿತಾಗ ನಡು ಕಂದು, ಅಂಚು ತಿಳಿ ಬಣ್ಣ. ಪಾರ್ಥೇನಿಯಂ ಅಡಗಿಸೋಕೆ ಅಂತ ಹಿಂದೆ ಹರಡಿದ ಇನ್ನೊಂದು ತಗಚೆ ಜಾತಿಯೂ ಇದೆ. ಮೈಯೆಲ್ಲ ರೋಮ, ಗಿಡ್ಡ ಕಾಯಿ, ಗೊಂಚಲು ಗೊಂಚಲು. ಅದನ್ನ ತಿನ್ನೋ ರೂಢಿ ನಮ್ಮಲ್ಲಿಲ್ಲ, ಬಿಟ್ಟುಬಿಡಿ.

ತಿನ್ನೋ ತಗಚೆಯಲ್ಲೂ ನಮ್ಮ ಹೆಂಗಸರು ಕೀಳೋದು ಎಳೇ ಕುಡಿ ಮಾತ್ರ. ಹೂ ಬಂದ ಮೇಲೆ ಅದರ ತಂಟೆಗೆ ಹೋಗಲ್ಲ, ಬಲಿತ ಎಲೆ ಹೊಟ್ಟೆ ಕೆಡಿಸುತ್ತೆ. ಮಕ್ಕಳಿಗೆ ಯಾವ ತಗಚೆ ಕಾಯಿಯನ್ನೂ ಬಾಯಿಗೆ ಹಾಕಬೇಡಿ ಅಂತ ಕಲಿಸಿ. ಮಗುವಿನ ಮೈ ತೂಕಕ್ಕೆ ಸ್ವಲ್ಪ ಬೀಜವೂ ಬಹಳ.

ಕಣ್ಣಿಗೆ ಮೋಸ ಮಾಡೋ ಇನ್ನೂ ಕೆಲವು

ಗೋಣಿ ಸೊಪ್ಪು ನೆಲಕ್ಕೆ ಹರಡಿ ಬೆಳೆಯುತ್ತೆ, ಎಲೆ ದಂಟು ರಸಭರಿತ. ಅದರ ಪಕ್ಕದಲ್ಲೇ ಹಾಲುಗಿಡವೂ ಹರಡಿಕೊಂಡಿರುತ್ತೆ, ಕೆಂಪು ದಂಟು, ಸಣ್ಣ ಎಲೆ. ದಂಟು ಮುರಿದರೆ ಬಿಳಿ ಹಾಲು ಬಂದರೆ ಅದು ಗೋಣಿ ಅಲ್ಲ. ಹಾಲು ಬರೋ ಗಿಡ ಬಿಡಬೇಕು ಅನ್ನೋ ನಿಯಮವನ್ನ ಹೊಸಬರು ಇಟ್ಟುಕೊಳ್ಳಬಹುದು. ಅತ್ತಿಹಣ್ಣು, ಉಪ್ಪಿನಕಾಯಿಗೆ ಹಾಕೋ ಮಾಕಳಿ ಬೇರು, ಇವಕ್ಕೂ ಹಾಲಿದೆಯಲ್ಲ ಅಂತ ನೀವು ಕೇಳಬಹುದು. ಹೌದು. 'ಬಿಡು' ಅನ್ನೋ ನಿಯಮ ತಪ್ಪಿದರೆ ಒಂದು ದಿನದ ಸಾರು ತಪ್ಪುತ್ತೆ ಅಷ್ಟೇ. 'ತಿನ್ನು' ಅನ್ನೋ ನಿಯಮ ತಪ್ಪಿದರೆ ಮನೆಯವರೆಲ್ಲ ಒಂದೇ ಪಾತ್ರೆಯಲ್ಲಿ ಉಂಡಿರ್ತಾರೆ.

ಗಣಿಕೆ ಸೊಪ್ಪಿಗೆ ಕಾಶಿ ಸೊಪ್ಪು ಅಂತಲೂ ಹೆಸರು. ಇದರ ಎಲೆ ಬೇಯಿಸಿ ತಿನ್ನಬಹುದು, ಕಪ್ಪಗೆ ಕಳಿತ ಹಣ್ಣು ಮಕ್ಕಳಿಗೆ ಪ್ರೀತಿ. ಹಸಿರು ಕಾಯಿ ಮಾತ್ರ ತಿನ್ನಬಾರದು. ಬಿಸಿಲಿಗೆ ಹಸಿರಾದ ಆಲೂಗೆಡ್ಡೆಯಲ್ಲಿರೋ ವಿಷವೇ ಅದರಲ್ಲೂ ಇದೆ. ಒಂದೇ ಗೊಂಚಲಲ್ಲಿ ಕಪ್ಪು, ಹಸಿರು ಎರಡೂ ಇರೋದರಿಂದ ಮಕ್ಕಳಿಗೆ ಇದನ್ನ ತೋರಿಸಿಯೇ ಹೇಳಬೇಕು. ಉಮ್ಮತ್ತಿಯೂ ಇದೇ ಕುಲದ್ದು. ಬೆಳೆದು ನಿಂತಾಗ ಯಾರಿಗೂ ಅನುಮಾನ ಇಲ್ಲ, ಉಮ್ಮತ್ತಿಗೆ ಕಹಳೆಯಂಥ ದೊಡ್ಡ ಹೂವು, ಮುಳ್ಳಿನ ಉಂಡೆಯಂಥ ಕಾಯಿ. ಗಣಿಕೆಗೆ ನಕ್ಷತ್ರದ ಹಾಗೆ ಸಣ್ಣ ಬಿಳಿ ಹೂವಿನ ಗೊಂಚಲು. ಗೇಣುದ್ದದ ಎಳೇ ಗಿಡಗಳಾಗಿ ತಿಪ್ಪೆ ಹತ್ತಿರ ಒಟ್ಟಿಗೆ ಎದ್ದಿದ್ದಾಗಲೇ ಕಷ್ಟ. ಆದ್ದರಿಂದ ಗಣಿಕೆಯನ್ನ ಹೂವೋ ಕಾಯೋ ಕಾಣೋ ಗಿಡದಿಂದಲೇ ಕುಡಿ ಮುರೀರಿ.

ಗೆಡ್ಡೆ ಅಗೆಯುವವರು ಗೌರಿಹೂವಿನ ಬಳ್ಳಿ ನೆನಪಿಡಿ. ಬೇಲಿ ಸಾಲಲ್ಲಿ ಬೆಂಕಿ ಜ್ವಾಲೆಯಂಥ ಹಳದಿ ಕೆಂಪು ಹೂವು ಬಿಡುತ್ತೆ, ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡ ಹಿಡಿದುಕೊಳ್ಳುತ್ತೆ. ಬೇಸಿಗೆಯಲ್ಲಿ ಬಳ್ಳಿ ಒಣಗಿ ಗೆಡ್ಡೆ ಮಾತ್ರ ನೆಲದಲ್ಲಿ ಉಳಿಯುತ್ತೆ. ನೇಗಿಲಿನ ಹಾಗೆ ಬಾಗಿದ ಗೆಡ್ಡೆ, ಅದಕ್ಕೇ ಸಂಸ್ಕೃತದಲ್ಲಿ ಲಾಂಗಲಿ. ಗೆಣಸು ಅಂತ ಬೇಯಿಸಿ ತಿಂದು ಸತ್ತವರಿದ್ದಾರೆ. ಮೇಲೆ ಬಳ್ಳಿ ಕಾಣದೆ ನೆಲದಲ್ಲಿ ಸಿಕ್ಕ ಗೆಡ್ಡೆ ಯಾವುದೇ ಆಗಲಿ ಮನೆಗೆ ತರಬೇಡಿ. ಅಣಬೆಯ ವಿಷಯ ಇಲ್ಲಿ ಎತ್ತಲ್ಲ, ಅದು ಇನ್ನೂ ಕಷ್ಟದ ಪಾಠ. ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ತಿನ್ನಬಹುದು ಅನ್ನೋದು ಪೂರಾ ಸುಳ್ಳು ಅಂತ ಮಾತ್ರ ಹೇಳಿರ್ತೀನಿ.

ಹೆಸರನ್ನೂ ನಂಬಬೇಡಿ. ದತ್ತೂರಿ ಅಂದರೆ ಕೆಲವು ಕಡೆ ಉಮ್ಮತ್ತಿ, ಕೆಲವು ಕಡೆ ಹಳದಿ ಹೂವಿನ ಮುಳ್ಳುಗಿಡ. ಎರಡೂ ವಿಷ ಆದ್ದರಿಂದ ಅಲ್ಲಿ ಬಚಾವು. (ಆ ಹಳದಿ ಹೂವಿನದರ ಎಣ್ಣೆ ಸಾಸಿವೆ ಎಣ್ಣೆಗೆ ಸೇರಿ 1998ರಲ್ಲಿ ದೆಹಲಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಬೀಜ ನೋಡೋಕೆ ಸಾಸಿವೆಯೇ.) ಬೇರೆ ಗಿಡಗಳಲ್ಲಿ ಹೀಗೆ ಬಚಾವಾಗಲ್ಲ. ಹತ್ತು ಮೈಲಿಗೆ ಹೆಸರು ಬದಲಾಗುತ್ತೆ. ನೆಂಟರ ಊರಲ್ಲಿ ಆ ಹೆಸರಿನ ಸೊಪ್ಪು ತಿಂತಾರೆ ಅಂತ ನಮ್ಮೂರ ಅದೇ ಹೆಸರಿನ ಗಿಡ ಕೀಳಬಾರದು. ಮೊಬೈಲಿಗೆ ಫೋಟೊ ತೋರಿಸಿದರೆ ಹೆಸರು ಹೇಳೋ ಸೌಕರ್ಯ ಈಗ ಬಂದಿದೆ. ಅದು ಅಂದಾಜು ಹೇಳುತ್ತೆ, ಎಳೇ ಗಿಡದಲ್ಲಿ ತಪ್ಪುತ್ತೆ. ಹೆಸರು ಹುಡುಕೋಕೆ ಬಳಸಿ, ಊಟಕ್ಕೆ ಅದರ ಅಪ್ಪಣೆ ಸಾಲದು.

ಒಳ್ಳೇ ಸೊಪ್ಪು, ಕೆಟ್ಟ ಜಾಗ

ನನ್ನ ಮಟ್ಟಿಗೆ ಈಗಿನ ಕಾಲದಲ್ಲಿ ಗಿಡದ ವಿಷಕ್ಕಿಂತ ಹೆಚ್ಚು ಹೆದರಬೇಕಾದ್ದು ನಾವು ಹಾಕೋ ವಿಷಕ್ಕೆ. ಗ್ಲೈಫೋಸೇಟ್ ಹೊಡೆದ ಹೊಲದಲ್ಲಿ ಕಳೆ ಅವತ್ತೇ ಒಣಗಲ್ಲ, ಮೂರು ನಾಲ್ಕು ದಿನ ಹಸಿರಾಗೇ ಇರುತ್ತೆ, ಪೂರಾ ಒಣಗೋಕೆ ವಾರದ ಮೇಲಾಗುತ್ತೆ. ಆ ಸಮಯದಲ್ಲಿ ಯಾರಾದರೂ ಬಂದು ಅಣ್ಣೆ ಕುಡಿ ಮುರಿದುಕೊಂಡು ಹೋದರೆ? ಹೊಡೆದವರು ಬದುವಿನ ಮೇಲೆ ಒಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿ, ಕೇರಿಯಲ್ಲಿ ಹೇಳಿ. ಕೀಳೋರು ಹೊಲದ ಯಜಮಾನನನ್ನ ಕೇಳದೆ ಕೀಳಬೇಡಿ. ಕಡ್ಲೇಕಾಯಿಗೆ, ತೊಗರಿಗೆ ಹುಳದ ಔಷಧಿ ಹೊಡೆದಾಗಲೂ ಸಾಲಿನ ಮಧ್ಯದ ಸೊಪ್ಪಿಗೆ ಅದು ಬಿದ್ದಿರುತ್ತೆ.

ಯೂರಿಯಾ ಜಾಸ್ತಿ ಬಿದ್ದ ಕಡೆ, ತಿಪ್ಪೆ ಪಕ್ಕ ಕೊಬ್ಬಿ ಬೆಳೆದ ದಗ್ಗಲಿ, ಮುಳ್ಳುದಂಟಿನಲ್ಲಿ ನೈಟ್ರೇಟ್ ತುಂಬಿಕೊಳ್ಳುತ್ತೆ, ಬರದಲ್ಲಿ ಬಾಡಿದಾಗ ಇನ್ನೂ ಹೆಚ್ಚು. ಇಂಥ ದಂಟು ಹೊಟ್ಟೆ ತುಂಬಾ ಮೇಯ್ದ ದನ ಸಾಯೋದುಂಟು. ಕಡುಹಸಿರಾಗಿ ಕೊಬ್ಬಿದ ಸೊಪ್ಪು ನೋಡಿ ಆಸೆಪಡಬೇಡಿ, ಕೂಸುಗಳಿಗಂತೂ ಕೊಡಬೇಡಿ. ಹೊನಗೊನೆ ನೀರು ಕುಡಿಯೋ ಸೊಪ್ಪು. ಊರ ಚರಂಡಿ, ಕಾರ್ಖಾನೆ ನೀರು ಸೇರೋ ಕೆರೆಯದ್ದಾದರೆ ತೊಳೆದರೂ ಪ್ರಯೋಜನ ಇಲ್ಲ, ಕೊಳಕು ಒಳಗೇ ಸೇರಿರುತ್ತೆ.

ಕಲಿಯೋದು ಹೇಗೆ

ವರ್ಷಕ್ಕೆ ಎರಡೇ ಗಿಡ ಕಲೀರಿ ಸಾಕು. ಊರಲ್ಲಿ ಸೊಪ್ಪು ಬಲ್ಲ ಅಜ್ಜಿ ಜೊತೆ ಹೋಗಿ, ಅದೇ ಗಿಡವನ್ನ ಮೊಳಕೆಯಲ್ಲಿ, ಹೂವಲ್ಲಿ, ಕಾಯಲ್ಲಿ ಮೂರು ಸಾರಿ ನೋಡಿ. ಒಂದು ಕುಡಿ ಹಳೇ ನೋಟ್‌ಬುಕ್ಕಲ್ಲಿ ಒಣಗಿಸಿ ಅಂಟಿಸಿ, ಪಕ್ಕದ ಹಾಳೆಯಲ್ಲಿ ಅದರ ಕಳ್ಳ ಜೋಡಿಯನ್ನೂ ಅಂಟಿಸಿ. ಕೀಳುವಾಗ ಕುಡುಗೋಲಲ್ಲಿ ಗುಪ್ಪೆ ಕೊಯ್ಯಬೇಡಿ, ಒಂದೊಂದೇ ಕುಡಿ ಮುರೀರಿ. ಕುಯ್ದ ಗುಪ್ಪೆಯಲ್ಲಿ ಏನು ಬೇಕಾದರೂ ಸೇರಿರುತ್ತೆ. ಮನೆಗೆ ಬಂದ ಮೇಲೆ ಮೊರದ ಮೇಲೆ ಹರವಿ ಇನ್ನೊಬ್ಬರು ಆಯಬೇಕು, ಕಿತ್ತವರೇ ಅಲ್ಲ. ನಮ್ಮ ಮನೆಯಲ್ಲಿ ಸೊಸೆ ಕಿತ್ತರೆ ನನ್ನ ಹೆಂಡತಿ ಆಯ್ತಾಳೆ, ಗುರುತು ಸಿಗದ ಎಲೆ ಸಿಕ್ಕರೆ ಚರ್ಚೆ ಇಲ್ಲ, ಹಿತ್ತಲಿಗೆ. ಹೊಸ ಸೊಪ್ಪನ್ನ ಮೊದಲ ಸಾರಿ ಬೆರಕೆ ಮಾಡದೆ ಒಂದನ್ನೇ, ಸ್ವಲ್ಪವೇ ಮಾಡಿ. ಒಳ್ಳೇ ಸೊಪ್ಪೂ ಕೆಲವರ ಮೈಗೆ ಒಗ್ಗಲ್ಲ.

ಯಾರಾದರೂ ಏನಾದರೂ ತಿಂದು ಕೆಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು, ಹುಣಸೆಹುಳಿ ಕುಡಿಸೋದು ಬೇಡ. ಪ್ರಜ್ಞೆ ಮಂಕಾದವರಿಗೆ ಅದು ಉಸಿರು ಕಟ್ಟಿಸುತ್ತೆ. ಉಮ್ಮತ್ತಿ ತಿಂದವರಿಗೆ ಬಾಯಿ ಒಣಗುತ್ತೆ, ಕಣ್ಣಿನ ಪಾಪೆ ಅಗಲವಾಗುತ್ತೆ, ಏನೇನೋ ಬಡಬಡಿಸ್ತಾರೆ. ಗಾಳಿ ಮೆಟ್ಟಿಕೊಂಡಿದೆ ಅಂತ ಮಂತ್ರದವರ ಹತ್ತಿರ ಕರ್ಕೊಂಡು ಹೋಗಿ ಹೊತ್ತು ಕಳೀಬೇಡಿ. 108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್ ಆಸ್ಪತ್ರೆಯ ವಿಷ ಮಾಹಿತಿ ಕೇಂದ್ರಕ್ಕೆ 1800 116 117 ಅನ್ನೋ ಉಚಿತ ನಂಬರಿದೆ, ಡಾಕ್ಟರಿಗೆ ಅದನ್ನ ಕೊಡಿ. ಎಷ್ಟು ಹೊತ್ತಿಗೆ, ಎಷ್ಟು ತಿಂದರು ಅನ್ನೋದು ಬರೆದಿಟ್ಟುಕೊಳ್ಳಿ. ಜೊತೆಗೆ ಉಳಿದ ಸಾರು, ಮೊರದಲ್ಲಿ ಉಳಿದ ಎಲೆ, ಸಾಧ್ಯವಾದರೆ ಆ ಗಿಡವನ್ನೇ ಬೇರು ಹೂವು ಕಾಯಿ ಸಮೇತ ಕಿತ್ತು ಚೀಲಕ್ಕೆ ಹಾಕಿ ಆಸ್ಪತ್ರೆಗೆ ಒಯ್ಯಿರಿ.